ಉದ್ದದವಳು ದೂರ ನಿಲ್ಲುವುದೇಕೆ

ಚಾಮರಾಜಪೇಟೆ
14-7-2025, ಸೋಮವಾರ

ಬಿಂದುಗೆ ಸೋದರಮಾವನ ಆಶೀರ್ವಾದ.

ಫೋನಿನಲ್ಲಿ ನನಗೆ ಬೇಗ ಕೋಪ ಬರುತ್ತದೆ, ಅದಕ್ಕೇ ಕಾಗದ. ನಾಲ್ಕನೇ ಕ್ಲಾಸಿಗೆ ನಿಂತ ಕೈಬರಹ, ನಗಬೇಡ. ನಿಮ್ಮಮ್ಮ ಇದರ ಫೋಟೊ ತೆಗೆದು ಕಳಿಸುತ್ತಾಳೆ.

ನಿಮ್ಮ ಬ್ಯಾಂಕಾಕ್ ಬ್ಯಾಸ್ಕೆಟ್‌ಬಾಲ್ ಟೀಮಿನ ಹೊಸ ಕೋಚು, ಸೆಂಟರ್ ಆದವಳು, ಅಂದರೆ ಟೀಮಿಗೇ ಉದ್ದದವಳು, ರಿಂಗಿನ ಕೆಳಗೇ ನಿಲ್ಲಬೇಕು, ದೂರದಿಂದ ಎಸೆಯಕೂಡದು, ಒಪ್ಪಿದರೆ ಮಾತ್ರ ಮುಂದಿನ ವರ್ಷ ಜಾಗ, ಶುಕ್ರವಾರದೊಳಗೆ ಸಹಿ ಎಂದಿದ್ದಾನೆ ಎಂದು ನೀನು ಫೋನಿನಲ್ಲಿ ಅಂದೆ. ಹಾಕು ಮಹಾರಾಯ್ತಿ ಎಂದು ನಾನು ರೇಗಿದೆ. ಆರಡಿ ಎರಡಿಂಚು ಇದ್ದೀಯ. ಅಟ್ಟದ ಮೇಲೆ ಡಬ್ಬಿ ಇಟ್ಟ ಹಾಗೆ ಬಾಲ್ ಹಾಕುವುದು ಬಿಟ್ಟು ಅಷ್ಟು ದೂರ ನಿಂತು ಎಸೆಯುವುದು ಸೋಮಾರಿತನ ಎಂದೇ ಇಷ್ಟು ವರ್ಷ ನನ್ನ ತಲೆಯಲ್ಲಿತ್ತು. ನೀನು, "ಈ ಸಲ ಬಾಲ್ ಬೀಳ್ತಾನೇ ಇಲ್ಲ ಮಾವ. ಇಷ್ಟು ದಿನ ಬಿದ್ದಿದ್ದೆಲ್ಲ ಅದೃಷ್ಟಾನೋ ಏನೋ" ಅಂದೆ. ಅದು ನನ್ನನ್ನು ಕೊರೆಯಿತು.

ಇವತ್ತು ಅಂಗಡಿಯಲ್ಲಿ ಕಿಟಕಿ ಗ್ರಿಲ್ ಬೆಸೆಯುವ ಕೆಲಸ ಅರ್ಧಕ್ಕೇ ಬಿಟ್ಟು ಬಸವನಗುಡಿಯ ನಿನ್ನ ಹಳೇ ಗ್ರೌಂಡಿಗೆ ಹೋದೆ. ನಿನಗೆ ಕಲಿಸಿದ ಸುಪ್ರಜಾ ಮೇಡಮ್ ಇದ್ದರು. ಉದ್ದದವಳಿಗೆ ದೂರದಲ್ಲೇನು ಕೆಲಸ ಎಂದು ಕೇಳಿದೆ. ಅವರು ನನ್ನನ್ನೇ ರಿಂಗಿನ ಕೆಳಗೆ ನಿಲ್ಲಿಸಿ, ದೂರದಲ್ಲಿ ಒಬ್ಬ ಹುಡುಗಿಗೆ ಬಾಲ್ ಕೊಟ್ಟು, "ಇವಳು ಬಿಂದು ಅನ್ಕೊಳಿ. ಎಸೀತಾಳೆ. ತಡೀರಿ ನೋಡೋಣ" ಅಂದರು. ತಡೆಯಲು ಅವಳತ್ತ ಓಡಿದೆ. ಆ ಹುಡುಗಿ ಎಸೆಯಲಿಲ್ಲ, ಬಾಲನ್ನು ಮೇಡಮ್ಮಿಗೆ ಕೊಟ್ಟಳು. ನಾನು ಖಾಲಿ ಬಿಟ್ಟು ಬಂದ ಜಾಗಕ್ಕೆ ಅವರು ನುಗ್ಗಿ ಆರಾಮಾಗಿ ಹಾಕಿದರು. "ಎಲ್ಲರಿಗೂ ಜಾಗ ಮಾಡ್ಕೊಡೋದೇ ಅವಳ ಕೆಲಸ, ದೊಡ್ಡಬೈರಪ್ಪನೋರೆ. ಅರ್ಥ ಆಯ್ತಾ, ಇನ್ನೊಂದ್ಸಲ ಓಡ್ತೀರಾ?" ಬಾಯಿ ನನಗಿಂತ ಜೋರು.

ಸೋಮಾರಿ ಎಂದದ್ದು ವಾಪಸ್ ತೆಗೆದುಕೊಂಡಿದ್ದೇನೆ. ಇನ್ನೊಂದು ಕೇಳಬೇಕು. ಕೈ ಬಿಟ್ಟ ಕೂಡಲೇ, ಬಾಲ್ ಇನ್ನೂ ಗಾಳಿಯಲ್ಲಿರುವಾಗಲೇ, ಬೀಳುತ್ತದೋ ಇಲ್ಲವೋ ನಿನಗೆ ತಿಳಿಯುತ್ತದಾ? ಬರೆದು ತಿಳಿಸು.

ಸಹಿ ನಿನ್ನಿಷ್ಟ. ಕೆಳಗೆ ನಿಲ್ಲುವುದು ಇಷ್ಟವಿದ್ದರೆ ಹಾಕು. ಕೈಯ ಗುರಿ ಹೋಯಿತು ಎಂಬ ಭಯಕ್ಕೆ ಹಾಕಬೇಡ.

ನಿನ್ನ ಮಾವ,
ದೊಡ್ಡಬೈರಪ್ಪ

ತಾ.ಕ.: ಗ್ರೌಂಡಿನಲ್ಲಿ ಏಣಿ ಹತ್ತಿ ರಿಂಗಿಗೆ ಟೇಪ್ ಹಿಡಿದೆ. ಅಡ್ಡಗಲ ಹದಿನೆಂಟು ಇಂಚು. ಚಿಕ್ಕಂದಿನಲ್ಲಿ ನಿನಗೆ ಅಂಗಡಿ ಹಿಂದಿನ ಗೋಡೆಗೆ ನಾನು ಮಾಡಿ ಹಾಕಿದ ರಿಂಗು ಹದಿನೈದೂವರೆ. ಗೇಟಿನ ಕೆಲಸದಲ್ಲಿ ಉಳಿದ ಸರಳು, ಗಿಡ್ಡವಿತ್ತು. ಬಗ್ಗಿದಷ್ಟಕ್ಕೆ ಬೆಸೆದು, ಸರಿ ಅಳತೆ ಇದೇ ಅಂದಿದ್ದೆ. ಬಾಲ್ ಬೀಳಲ್ಲ ಎಂದು ನೀನು ಅತ್ತಾಗ ನಿನ್ನ ಕೈಯನ್ನೇ ಬೈದಿದ್ದೆ. ಕೊನೆಗೆ ಅಷ್ಟು ಚಿಕ್ಕ ರಿಂಗಿನೊಳಗೂ ನೀನು ಹಾಕಿದೆಯಲ್ಲ. ಅದೃಷ್ಟ ಎಂಬ ಮಾತು ಇನ್ನೊಂದು ಸಲ ಆಡಿದರೆ ಅಲ್ಲಿಗೇ ಬಂದು ಬೈಯುತ್ತೇನೆ.