ಬಿಗಿದೇ ಉಳಿದ ಬಿಲ್ಲು

ನನ್ನ ಅಪ್ಪನಿಗೆ,

ನಿನ್ನ ರಜಿಯಾಳ ಮದುವೆ ಆಯಿತು ಅಪ್ಪ! ನೀನೇ ಗೊತ್ತು ಮಾಡಿ ಹೋದ ಅದೇ ಕೂಡ್ಲಿಗಿಯ ದಾದಾಪೀರ್. ದೊಡ್ಡ ದೊಡ್ಡ ಬಸ್ಸು ಬಿಚ್ಚಿ ಜೋಡಿಸುವವರು, ನನ್ನ ಮುಂದೆ ನಿಂತರೆ ಕೈ ಎಲ್ಲಿಡಬೇಕೆಂದು ತಿಳಿಯದವರು. ದಿನವಿಡೀ ನಗುತ್ತೇನೆ. ಹೊಸ ಬಳೆ, ಹೊಸ ಸೀರೆ, ಎಲ್ಲವೂ ಚೆಂದ, ತುಂಬಾ ತುಂಬಾ ಚೆಂದ. ಆದರೆ ನೀನು ಹೋದ ದಿನದಿಂದ ನನಗೆ ಅಳು ಬಂದಿಲ್ಲ. ಮದುವೆಯ ದಿನ ಬೀಳ್ಕೊಡುವಾಗ ಬೀದಿಯೇ ಅತ್ತಿತು. ನಾನು ಜೀಪಿನಲ್ಲಿ ಕೂತು ಏನು ನೋಡುತ್ತಿದ್ದೆನೋ...

ಕಾನ್ವೆಂಟಿನ ರಜೆಗೆ ಹಗರಿಬೊಮ್ಮನಹಳ್ಳಿಗೆ ಬಂದಿದ್ದ ಆ ಬೇಸಿಗೆ ನೆನಪಿದೆಯಾ? ಮನೆಯ ಮುಂದಿನ ಅಂಗಡಿಯಲ್ಲಿ ನೀನು ಬಿಲ್ಲಿನ ನರದ ತಂತಿ ಮೀಟುತ್ತ ಗಾದಿಗೆ ಹತ್ತಿ ಹಿಂಜುತ್ತಿದ್ದೆ. ನಾನು ಅರಳೆಯ ಗುಡ್ಡೆಗೆ ಒರಗಿ ಇಂಗ್ಲಿಷ್ ಕಾದಂಬರಿ ಓದುತ್ತಿದ್ದೆ. ಅದರಲ್ಲಿ ‘ಅನ್‌ಬೆಂಡ್’ ಎಂಬ ಕ್ರಿಯಾಪದ ಸಿಕ್ಕಿತು. ಬಾಗಿದ್ದು ನೇರವಾಗುವುದು ಒಂದು ಅರ್ಥ, ಬಿಗುಮಾನ ಬಿಟ್ಟು ಹಗುರಾಗುವುದು ಇನ್ನೊಂದು ಎಂದು ನಿನಗೆ ಹೇಳಿದೆ.

“ಅಲ್ಲಲೇ ರಜಿಯಾ, ನೆಟ್ಟಗಾದ್ರ ಬಿರುಸಾಗಬೇಕು, ಹಗುರ ಹೆಂಗಾಗ್ತಾರ? ನಿಮ್ಮ ಇಂಗ್ಲಿಷಿನವರ ತಲಿ ಸರಿ ಐತೇನು?”

“ಬಿಲ್ಲು ನೋಡಪ್ಪ. ತಂತಿ ಬಿಚ್ಚಿದ್ರ ನೆಟ್ಟಗಾಗತೈತಿ, ಅದಕ್ಕ ಆರಾಮ.”

ಹಿಂಜುವ ಬಿಲ್ಲು ಕೈಯಲ್ಲೇ ಇತ್ತು. ನೋಡಿ ನಕ್ಕೆ ನೀನು. “ಹಂಗಂದ್ರ ದಿನಾ ಸಂಜಿಗೆ ನಾ ಮಾಡೋದು ಅದನ್ನ. ಬಿಗಿದಽ ಇಟ್ರ ಮರ ಬಾಗೇ ಉಳೀತೈತಿ.”

ಆ ಕಾದಂಬರಿಗಳಲ್ಲಿ ಗಂಟುಮುಖದ ಅಪ್ಪಂದಿರು, ನ್ಯಾಯಾಧೀಶರು, ಮುದಿ ಅತ್ತೆಯಂದಿರು ಊಟದ ಮೇಜಿಗೆ ಬಂದರೆ ಅನ್‌ಬೆಂಡ್ ಆಗುತ್ತಾರೆ. ಕೊನೆಯ ಅಧ್ಯಾಯದಲ್ಲಂತೂ ಆಗಲೇಬೇಕು! ಎಷ್ಟು ಸಲೀಸು. ನನಗೇಕೆ ಆಗುತ್ತಿಲ್ಲ ಅಪ್ಪ? ನಗು ಬರುತ್ತದೆ, ಹಗುರಾಗುವುದು ಮಾತ್ರ...

ನನ್ನ ಮದುವೆಯ ಗಾದಿಗೆ ಹಿಂಜುತ್ತಲೇ ಎದೆ ಹಿಡಿದು ಕುಳಿತ ನೀನು ಮತ್ತೆ ಏಳಲಿಲ್ಲ. ಉಳಿದ ಹತ್ತಿಯನ್ನು ಚಿಕ್ಕಪ್ಪ ತನ್ನ ಬಿಲ್ಲು ತಂದು ಹಿಂಜಿದ, ಅವ್ವ ಹೊಲಿದಳು. ಆ ಗಾದಿ ಕೂಡ್ಲಿಗಿಯಲ್ಲಿ ಸುತ್ತಿಟ್ಟಂತೆಯೇ ಇದೆ. “ಗಾದಿ ಮಾಡೋರ ಮಗಳು ಚಾಪಿ ಮ್ಯಾಲೆ ಮಲಗ್ತಾಳ ನೋಡ್ರಿ!” ಎಂದು ಅತ್ತೆ ಛೇಡಿಸುತ್ತಾರೆ. ಇವರು ಏನೂ ಕೇಳದೆ ತಾವೂ ಚಾಪೆ ಹಾಸಿಕೊಳ್ಳುತ್ತಾರೆ.

ನಿನ್ನೆ ತವರಿಗೆ ಬಂದು ಅಂಗಡಿಯ ಬಾಗಿಲು ತೆಗೆದೆ. ಗೂಟದಲ್ಲಿ ನಿನ್ನ ಬಿಲ್ಲು, ತಂತಿ ಬಿಗಿದೇ ಇತ್ತು. ಆ ಸಂಜೆ ಬಿಚ್ಚಲು ನೀನಿರಲಿಲ್ಲ. ಆಮೇಲೆ ಮುಟ್ಟಲು ಯಾರಿಗೂ ಮನಸ್ಸಾಗಲಿಲ್ಲ. ಬೆರಳು ಸೋಕಿದ್ದಕ್ಕೇ ಠೆಂಯ್ ಎಂದಿತು. ಒಳಗಿಂದ ಅವ್ವ ಓಡಿ ಬಂದಳು. ನೀನೇ ಎಂದುಕೊಂಡಳೇನೋ, ನನ್ನನ್ನು ಕಂಡು ಹೊಸ್ತಿಲಲ್ಲೇ ಕೂತಳು.

“ಬಿಚ್ಚಲೇನವ್ವ?”

“ಬಿಚ್ಚು. ನಿಮ್ಮಪ್ಪ ಒಂದಿನಾನೂ ಹಂಗ ಬಿಟ್ಟಿದ್ದಿಲ್ಲ.”

ಗಂಟು ಒಣಗಿ ಕಲ್ಲಾಗಿತ್ತು. ಹಲ್ಲು ಹಚ್ಚಿ ಎಳೆದು ಬಿಚ್ಚಿದೆ. ಮರ ಸ್ವಲ್ಪ ನೇರವಾಯಿತು, ಪೂರ್ತಿ ಆಗಲಿಲ್ಲ. ಅಳು ಆಗಲೂ ಬರಲಿಲ್ಲ ಅಪ್ಪ, ನಿನ್ನ ಹತ್ತಿರ ಸುಳ್ಳೇಕೆ? ಅವ್ವನ ಪಕ್ಕ ಗೋಡೆಗೊರಗಿ ಕಾಲು ಚಾಚಿ ಕೂತೆ, ಅಷ್ಟೇ.

ನಾಳೆ ಕೂಡ್ಲಿಗಿಗೆ ಹೊರಡುತ್ತೇನೆ. ಹೋದವಳೇ ಗಾದಿ ಹಾಸುತ್ತೇನೆ.

ನಿನ್ನ,
ರಜಿಯಾ