ಹಿರಿಯರ ಕಟ್ಟೆ

೧೨ ಫೆಬ್ರವರಿ ೨೦೨೫, ಬುಧವಾರ. ಲಕ್ಷ್ಮೇಶ್ವರ

ಎಂಟು ತಿಂಗಳು ಅರ್ಜಿ ಹಿಡಿದು ಪುರಸಭೆಗೆ ಅಲೆದವಳು ನಾನು. ಓಣಿಯ ಹೆಂಗಸರು ಸಂಜೆ ಕೂತು ಮಾತಾಡಲು ಬೇವಿನ ಮರದ ಸುತ್ತ ಒಂದು ಕಟ್ಟೆ ಬೇಕಿತ್ತು. ಇಂದು ಉದ್ಘಾಟನೆಯಾಯಿತು. ಒಡೆದ ತೆಂಗಿನಕಾಯಿಯ ನೀರು ಆರುವ ಮೊದಲೇ ಗಂಡಸರು ಸುತ್ತಲೂ ತುಂಬಿಕೊಂಡರು. ಜಾಗ ಬಿಡಿ ಎಂದರೆ ಓಣಿಯ ನ್ಯಾಯ ಹೇಳುವ ಪಂಚ, ಮಾರ್ತಾಂಡ, ಕೂತಲ್ಲಿಂದಲೇ ನಕ್ಕ.

"ವೈನಿ, ಅರ್ಜಿ ಬರದವರು ನೀವ ಅಲ್ಲೇನು? 'ಹಿರಿಯರು ಕುಳಿತುಕೊಳ್ಳಲು' ಅಂತ ಬರದೀರಿ. ಹೆಣ್ಮಕ್ಕಳು ಅಂತ ಎಲ್ಲೈತಿ, ತೋರಸ್ರಿ."

ಬರೆದದ್ದು ಖರೆ. ಹೆಂಗಸರ ಹರಟೆಗೆ ಎಂದರೆ ಸಾಹೇಬರು ನಗುತ್ತಾರೆಂದು ಹೆದರಿ, ಮರ್ಯಾದೆಯ ಮಾತು ಹುಡುಕಿದ್ದೆ. ಹಿರಿಯರು ಎಂದರೆ ಈ ಊರಲ್ಲಿ ಮೀಸೆ ಎಂದೇ ಅರ್ಥವೆಂಬುದು ನನಗೆ ಗೊತ್ತಿರಲಿಲ್ಲವೇ? ಅವನಿಗಿಂತ ನನ್ನ ಮೇಲೇ ಹೆಚ್ಚು ಸಿಟ್ಟು. ಇಲ್ಲ, ಅವನ ಮೇಲೇ ಹೆಚ್ಚು. ನನ್ನ ಕಟ್ಟೆಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದ, ಹಲ್ಕಟ್.

ಅತ್ತೆ ತಾರಾಬಾಯಿ ಎಲ್ಲ ಕೇಳಿ, "ನಾಳೆ ಸಂಜಿಕ ನನ್ನ ಕರಕೊಂಡ ನಡಿ" ಎಂದರು. ಅವರಿಗೆ ಎಪ್ಪತ್ತೆಂಟು. ಮಾರ್ತಾಂಡನಿಗೆ ಐವತ್ತೂ ಆಗಿಲ್ಲ. ಅತ್ತೆಯನ್ನು ಅವನೆದುರು ನಿಲ್ಲಿಸುತ್ತೇನೆ. ಹಿರಿಯರು ಯಾರೆಂದು ಅವನೇ ಎದ್ದು ಹೇಳಲಿ.