ಬಾಜು ಹೊಲ ಕಾಣದ ನೀರಿನ ಪಟ್ಟಿ

ಕಾಲುವೆ ನೀರಿನ ಪಾಳಿಯನ್ನು ಗಣಕಯಂತ್ರದಲ್ಲಿ ಅಚ್ಚು ಹಾಕಿಸುವ ಮಾನ್ಯರೇ,

ನಿಮ್ಮ ಯಂತ್ರ ತಪ್ಪು ಮಾಡಿದ್ದನ್ನು ಮನ್ನಿಸಬಲ್ಲೆ. ಆ ತಪ್ಪು ಯಾರ ಕಣ್ಣಿಗೂ ಬೀಳದ ಹಾಗೆ ಪಟ್ಟಿ ಹೊಂದಿಸಿದ್ದನ್ನು ಮನ್ನಿಸಲಾರೆ.

ಹೋದ ವರ್ಷದವರೆಗೂ ನಮ್ಮೂರ ನೀರಗಂಟಿ ಪಾಳಿಯನ್ನು ಚಾವಡಿ ಕಟ್ಟೆಯ ಮೇಲೆ ಕಾಲುವೆ ಹರಿಯುವ ಸಾಲಿನಲ್ಲೇ ಓದುತ್ತಿದ್ದ. ತನ್ನ ಹೆಸರು ಬಂದಾಗ ಪ್ರತಿಯೊಬ್ಬನೂ ತನ್ನ ಹಿಂದಿನ ಹೊಲ ಯಾರದು, ಮುಂದಿನದು ಯಾರದು ಎಂದು ಹೇಳಬೇಕಿತ್ತು. ಓದು ಬಾರದವರೂ ತಪ್ಪು ಹಿಡಿಯುತ್ತಿದ್ದರು. ನಿಮ್ಮ ಉದ್ದನೆಯ ಕಾಗದದಲ್ಲಿ ಸರ್ವೆ ನಂಬರಿಗೊಂದು ಹೆಸರು, ಮುಂದೆ ತಾಸು, ಅಡಿಯಲ್ಲಿ ಒಟ್ಟು. ನಂಬರು ಏರುವ ಕ್ರಮ ಚಂದವೇ. ಹೊಲಗಳು ಮಾತ್ರ ಚೆಲ್ಲಾಪಿಲ್ಲಿ. ಅಂಥ ಅಚ್ಚನ್ನು ಮತ್ತೆ ಓದಿ ನೋಡುವ ಧೈರ್ಯ ಯಾರಿಗಿದೆ? ನೀರಗಂಟಿ ಗೋಡೆಗೆ ಅಂಟಿಸಿ ಕೈತೊಳೆದುಕೊಂಡ.

ನಮ್ಮದೂ ಬಾಜು ಹೊಲದ ದಾವೂದಸಾಬರದೂ ಒಂದೇ ಸರ್ವೆ ನಂಬರಿನ ಎರಡು ಹಿಸ್ಸೆ. ಯಂತ್ರ ಎರಡನ್ನೂ ಕೂಡಿಸಿ ಅವರ ತಾಸುಗಳನ್ನೂ ನಮ್ಮ ಮನೆಯವರ ಹೆಸರಿಗೇ ಬರೆಯಿತು. ಒಟ್ಟು ಸರಿಯಿತ್ತಲ್ಲ, ನಿಮಗೆ ಎಲ್ಲವೂ ಸರಿಯೆನಿಸಿತು.

ಗೋದಿ ತೆನೆ ಹಾಕುವ ಹೊತ್ತಿಗೆ ದಾವೂದಸಾಬರು ಸಲಿಕೆ ಹಿಡಿದು ತೂಬಿಗೆ ಬಂದರು. ನಮ್ಮ ಮನೆಯವರು, ಕುಬೇರಪ್ಪನವರು, ಕಾಗದದಲ್ಲಿ ಅವರ ಹೆಸರಿಲ್ಲವೆಂದು ನೀರು ಬಿಡಲಿಲ್ಲ. ಇವರಿಗೆ ಕೂರಿಗೆ ಹಿಡಿಯಲು ಕಲಿಸಿದವರೇ ಅವರು.

"ಕಾಗದ ನೋಡಬ್ಯಾಡೋ ಕುಬೇರಪ್ಪ, ಹೊಲಾ ನೋಡು."

"ಸರಕಾರದ ಮಿಷನ್ ಸುಳ್ಳು ಹೇಳ್ತದೇನ್ರಿ ಕಾಕಾ?"

ಊರೂ ಕಾಗದದ ಕಡೆಗೇ ನಿಂತು ಅವರನ್ನು ನೀರುಗಳ್ಳನೆಂದು ಆಡಿಕೊಂಡಿತು. ಅವರ ಗೋದಿ ಒಣಗಿತು. ಅವರ ಹೆಂಡತಿ ಖಾತುನಬಿಯೂ ನಾನೂ ನಡುವಿನ ಬದುವಿನ ಮೇಲೆ ಕೂತು ಒಟ್ಟಿಗೆ ರೊಟ್ಟಿ ಗಂಟು ಬಿಚ್ಚುತ್ತಿದ್ದೆವು. ಈಗ ಆಕೆ ಹೊಲದ ಆ ತುದಿಗೆ ಹೋಗಿ ಉಣ್ಣುತ್ತಾಳೆ.

ದಾವೂದಸಾಬರು ಹೊಲದ ಉತಾರ ಹಿಡಿದು ನಿಮ್ಮ ಕಚೇರಿಗೆ ಅಲೆದಲೆದರು. ಸುಗ್ಗಿ ಮುಗಿದ ಮೇಲೆ ತಿದ್ದಿದ ಪಟ್ಟಿ ಬಂತು. ಕಟಾವಾದ ಹೊಲಕ್ಕೆ ನೀರು ಕೊಟ್ಟ ನಿಮ್ಮ ಔದಾರ್ಯಕ್ಕೆ ಏನು ಹೇಳಲಿ? ನಮ್ಮ ಮನೆಯವರು ಅದನ್ನು ಹಿಡಿದು ತಲೆ ತಗ್ಗಿಸಿ ಅವರ ಅಂಗಳಕ್ಕೆ ಹೋದರು. ಅವರು ಕಾಗದ ಇಸಿದುಕೊಂಡು ಮಡಚಿದರು.

"ಇನ್ನ ನೀರು ಬರ್ತದ, ಕುಬೇರಪ್ಪ. ನೀ ಬರಬ್ಯಾಡಪಾ."

ಮುಂದಿನ ಪಟ್ಟಿಯನ್ನು ಕಾಲುವೆಯ ಸಾಲಿನಲ್ಲಿ ಅಚ್ಚು ಹಾಕಿಸಿರಿ. ಹಿಸ್ಸೆಗೊಂದು ಹೆಸರಿರಲಿ, ಪ್ರತಿ ಹೆಸರಿನ ಆಚೀಚೆ ಬಾಜು ಹೊಲದವರ ಹೆಸರಿರಲಿ. ನೀರು ಬಿಡುವ ಮೊದಲು ಕಟ್ಟೆಯ ಮೇಲೆ ಓದಿಸಿರಿ. ಯಂತ್ರ ತಪ್ಪಿದರೆ ತಪ್ಪಲಿ. ನಾವು ಹಿಡಿಯುತ್ತೇವೆ, ಹಿಡಿಯಲು ಬರುವ ಹಾಗೆ ಮಾಡಿಕೊಡಿರಿ.

ಇಂತಿ,
ನಿಮ್ಮ ದಯೆಯಿಂದ ಎರಡು ಪಾಲು ನೀರು ಪಡೆದು, ಬದುವಿನ ಮೇಲೆ ಒಬ್ಬಳೇ ಉಣ್ಣುವ
ಗೌರಕ್ಕ
ನವಲಗುಂದ ತಾಲೂಕು, 1988